ಡೇವ್ ಅಲೆನ್: ಹಾಸ್ಯಗಾರನ ಮಾತು ಮತ್ತು ಚರಿತ್ರೆಯ ಸಾಕ್ಷ್ಯ

ಐರ್ಲೆಂಡಿನ ಹಾಸ್ಯಗಾರನೂ ನಟನೂ ಆಗಿದ್ದ ಡೇವ್ ಅಲೆನ್ನನನ್ನು (1936–2005) ಧರ್ಮನಿಂದಕನಾದ ವಿದೂಷಕನೆಂದು ಎಣಿಸುವ ವಾಡಿಕೆಯುಂಟು. ಈ ಎಣಿಕೆಯು ಸಮಂಜಸವಲ್ಲವೆಂಬುದು ನಮ್ಮ ಮತ. ಭಯವನ್ನು ಬಿತ್ತಿ ಆಳುವ ಅಧಿಕಾರವೇ ಆತನ ಹಾಸ್ಯದ ಗುರಿಯಾಗಿತ್ತೆಂದು ನಾವು ಭಾವಿಸುತ್ತೇವೆ.

ಡಬ್ಲಿನ್ನಿನಲ್ಲಿ ಹುಟ್ಟಿದ ಆತನ ನಿಜನಾಮ ಡೇವಿಡ್ ಟೈನನ್ ಓ'ಮಹೋನಿ. ಬಾಲ್ಯದಲ್ಲಿ ಆತನಿಗೆ ಪಾಠ ಹೇಳಿದವರು ಕ್ಯಾಥೊಲಿಕ್ ಸನ್ಯಾಸಿನಿಯರು ಮತ್ತು ಪಾದ್ರಿಗಳು. ಕೆಲಕಾಲ ಪತ್ರಿಕೆಗಳಲ್ಲಿ ದುಡಿದು ಇಂಗ್ಲೆಂಡಿಗೆ ಹೋದನು. 1963ರಲ್ಲಿ ಆಸ್ಟ್ರೇಲಿಯದ ದೂರದರ್ಶನದಲ್ಲಿ ಹೆಸರಾದನು. 1971ರಿಂದ 1979ರವರೆಗೆ ಬಿ.ಬಿ.ಸಿ.ಯಲ್ಲಿ ನಡೆದ 'ಡೇವ್ ಅಲೆನ್ ಅಟ್ ಲಾರ್ಜ್' ಆತನ ಕೀರ್ತಿಗೆ ಮುಖ್ಯ ಆಧಾರ. ಅದರಲ್ಲಿನ ಪ್ರಹಸನಗಳು ಬಹುಮಟ್ಟಿಗೆ ಸಾಧಾರಣವಾದುವು, ಒಂದೇ ಅಚ್ಚಿನವು. ಎತ್ತರದ ಪೀಠದಲ್ಲಿ ಕುಳಿತು, ಕೈಯಲ್ಲಿ ಲೋಟ ಹಿಡಿದು, ಆತುರವಿಲ್ಲದೆ ಕಥೆ ಹೇಳುವಾಗಲೇ ಆತನ ಪ್ರತಿಭೆ ಪ್ರಕಟವಾಗುತ್ತದೆ. ಒಲೆಯ ಬಳಿ ಕುಳಿತು ಕಥೆ ಹೇಳುತ್ತಿದ್ದ ಐರಿಷ್ ಹಳ್ಳಿಗರ ಸಂಪ್ರದಾಯವನ್ನು ಅದು ನೆನಪಿಗೆ ತರುತ್ತದೆ. ಪ್ರತಿಸಲವೂ ಪ್ರೇಕ್ಷಕರಿಗೆ ಅವರವರ ದೇವರ ಸಂಗಾತವನ್ನು ಹಾರೈಸಿಯೇ ಬೀಳ್ಕೊಡುತ್ತಿದ್ದನೆಂಬುದನ್ನು ಆಕ್ಷೇಪಿಸುವವರು ಗಮನಿಸಬೇಕು.

ಕಾಲದ ಹಿನ್ನೆಲೆಯನ್ನು ಮರೆತರೆ ಈ ಹಾಸ್ಯದ ಕಾವು ತಿಳಿಯದು. 1937ರ ಐರಿಷ್ ಸಂವಿಧಾನವು ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನವನ್ನಿತ್ತಿತ್ತು. ಆ ವಾಕ್ಯವನ್ನು ತೆಗೆಯಲು ಜನರು ಮತವಿತ್ತುದು 1972ರಲ್ಲಿ. ಅಂದರೆ ಅಲೆನ್ನನ ಕಾರ್ಯಕ್ರಮವು ಆರಂಭವಾದಾಗ ಆ ವಾಕ್ಯವಿನ್ನೂ ಜಾರಿಯಲ್ಲಿತ್ತು. ಪೋಪರನ್ನೇ ಅಣಕಿಸಿದ 1975ರ ಪ್ರಹಸನವು ಭಕ್ತರನ್ನು ಕೆರಳಿಸಿತು. ಇಲ್ಲೊಂದು ಸ್ವಾರಸ್ಯವುಂಟು: ಬ್ರಿಟಿಷ್ ಪ್ರಸಾರವು ಐರ್ಲೆಂಡಿನ ಪೂರ್ವ ಕರಾವಳಿಯ ಮನೆಗಳಿಗೆ ತಲುಪುತ್ತಿದ್ದುದರಿಂದ, ಸ್ವದೇಶದಲ್ಲಿ ಆಡಲಾಗದ ಮಾತು ಸಮುದ್ರದಾಚೆಯಿಂದ ಮನೆಯೊಳಕ್ಕೇ ಬರುತ್ತಿತ್ತು.

ಹಾಗಾದರೆ ಆತನ ಶಾಲೆಯ ಕಥೆಗಳನ್ನು ಚರಿತ್ರಕಾರನು ಸಾಕ್ಷ್ಯವಾಗಿ ಸ್ವೀಕರಿಸಬಹುದೇ? ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಔದ್ಯೋಗಿಕ ಶಾಲೆಗಳಲ್ಲಿ ಮಕ್ಕಳಿಗಾದ ಹಿಂಸೆಯನ್ನು 2009ರ ರಯನ್ ವರದಿಯು ಬಯಲಿಗೆಳೆದ ಮೇಲೆ, ಅಲೆನ್ ಎಲ್ಲವನ್ನೂ ಮೊದಲೇ ಹೇಳಿದ್ದನೆಂದು ಬಗೆಯುವುದು ಸುಲಭ. ನಾವು ಅಷ್ಟು ದೂರ ಹೋಗಲಾರೆವು. ಆತನು ಅನುಕೂಲಸ್ಥರ ಮಗ. ಓದಿದ್ದು ಅಂತಹ ಶಾಲೆಗಳಲ್ಲಲ್ಲ. ಅಲ್ಲದೆ ಐರಿಷರನ್ನು ಪೆದ್ದರೆಂದು ನಗುವುದಕ್ಕೆ ಒಗ್ಗಿದ್ದ ಇಂಗ್ಲಿಷ್ ಪ್ರೇಕ್ಷಕರ ಮುಂದೆ ಹಣಕ್ಕಾಗಿ ಮಾತನಾಡುತ್ತಿದ್ದವನು. ಘಟನೆಗಳಿಗೆ ಆತನ ಮಾತು ಪ್ರಮಾಣವಾಗದು. ಪಾದ್ರಿಯೆದುರು ಹುಡುಗನೊಬ್ಬನು ನಡುಗುತ್ತಿದ್ದ ಬಗೆಗೆ ಮಾತ್ರ ಅದು ಅಮೂಲ್ಯವಾದ ಪ್ರಮಾಣ. ಸರಕಾರಿ ಕಡತಗಳಲ್ಲಿ ಆ ನಡುಕವು ದೊರೆಯುವುದು ಅಪರೂಪ.

ನಟನಾಗಿ ಆತನು ಮಾಡಿದ್ದು ಅಲ್ಪ. 1972ರಲ್ಲಿ ಎಡ್ನಾ ಓ'ಬ್ರಯನ್ನರ 'ಎ ಪೇಗನ್ ಪ್ಲೇಸ್' ನಾಟಕದಲ್ಲಿ ಅಭಿನಯಿಸಿದನು. ಅಲನ್ ಬೆನೆಟ್ ಬರೆದ 'ಒನ್ ಫೈನ್ ಡೇ' (1979) ಎಂಬ ದೂರದರ್ಶನ ನಾಟಕದಲ್ಲಿ, ಬದುಕಿಗೆ ಬೇಸತ್ತ ಕಟ್ಟಡ ದಲ್ಲಾಳಿಯ ಪಾತ್ರವನ್ನು ಮಿತಮಾತಿನಲ್ಲಿ ನಿರ್ವಹಿಸಿರುವುದು ಶ್ಲಾಘ್ಯ.

ಉದ್ಯೋಗದ ಹಂಗಿನಲ್ಲಿ ಸಿಲುಕಿದ ಮನುಷ್ಯನು 1990ರ ಆತನ ಕಾರ್ಯಕ್ರಮದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಜೀವಮಾನವೆಲ್ಲ ಗಡಿಯಾರದ ಅಪ್ಪಣೆಯಂತೆ ಏಳುವುದು, ಉಣ್ಣುವುದು, ದುಡಿಯುವುದು. ನಿವೃತ್ತನಾದ ದಿನ ಉಡುಗೊರೆಯಾಗಿ ಬರುವುದೂ ಗಡಿಯಾರವೇ! ಪಾದ್ರಿಯಿದ್ದ ಸ್ಥಾನದಲ್ಲಿ ಇಲ್ಲಿ ಗಡಿಯಾರವಿದೆ. ಆದರೆ ಆ ಕಥೆಯಲ್ಲಿ ಬಂದ ಒಂದು ಅಶ್ಲೀಲ ಪದದ ಬಗ್ಗೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿಯೂ ಪ್ರಶ್ನೆಯೆದ್ದಿತು. ಗಡಿಯಾರದ ವಿಷಯವನ್ನು ಯಾರೂ ಪ್ರಶ್ನಿಸಲಿಲ್ಲ.