ಕಡ್ಡಿಯ ತುದಿಯ ಕೊಳ

ಮನೆಯಲ್ಲೇ ವೆಲ್ಡಿಂಗ್ ಕಲಿಯುವ ಆಸೆಯಿಂದ ಇನ್ವರ್ಟರ್ ಮಷಿನ್ ಕೊಂಡವರು ಮೊದಲ ವಾರವೇ ಗೇಟು ಮಾಡಲು ಕೂರುತ್ತಾರೆ. ದಯವಿಟ್ಟು ಬೇಡ. ಗುಜರಿ ಅಂಗಡಿಯಿಂದ 6 ಮಿ.ಮೀ. ದಪ್ಪದ ಪಟ್ಟಿಯ ತುಂಡುಗಳನ್ನು ತನ್ನಿ. ತುಕ್ಕು, ಬಣ್ಣ ಉಜ್ಜಿ ತೆಗೆದು, ಒಂದು ಪ್ಯಾಕೆಟ್ 6013 ನಂಬರಿನ ವೆಲ್ಡಿಂಗ್ ಕಡ್ಡಿಯನ್ನು ಅವುಗಳ ಮೇಲೆಯೇ ಸುಟ್ಟು ಮುಗಿಸಿ. ಗೆರೆಯ ಪಕ್ಕ ಗೆರೆ, ಅರ್ಧಕ್ಕರ್ಧ ಒಂದರ ಮೇಲೊಂದು ಬರುವಂತೆ.

ನನಗೆ ಬುದ್ಧಿ ಬಂದದ್ದು ಒಂದು ಕಿಟಕಿ ಗ್ರಿಲ್ ಕೈಯಲ್ಲಿ ಕಿತ್ತು ಬಂದಾಗ. ಮೇಲಿಂದ ನೋಡಿದರೆ ಅಚ್ಚುಕಟ್ಟಾದ ಬೆಸುಗೆ. ಒಡೆದ ಜಾಗ ತಿರುಗಿಸಿ ನೋಡಿದೆ: ಸರಳಿನ ಅಂಚು ಕತ್ತರಿಸಿದಾಗ ಹೇಗಿತ್ತೋ ಹಾಗೇ ಚೂಪಾಗಿತ್ತು. ಕಬ್ಬಿಣ ಕರಗಿರಲೇ ಇಲ್ಲ, ಕಡ್ಡಿಯ ಲೋಹ ಮೇಣದಂತೆ ಮೇಲೆ ಕೂತಿತ್ತು. ಕರೆಂಟು ಕಡಿಮೆ ಇಟ್ಟಿದ್ದೆ; ಅದಕ್ಕಿಂತ ದೊಡ್ಡ ತಪ್ಪು, ಅಷ್ಟು ದಿನವೂ ನಾನು ಕಿಡಿಯ ಬೆಳಕನ್ನೇ ನೋಡುತ್ತಿದ್ದೆ.

ನೋಡಬೇಕಾದದ್ದು ಆ ಬೆಳಕಿನ ಹಿಂದೆ ನೀರಾಗಿ ನಿಂತ ಪುಟ್ಟ ಕೊಳವನ್ನು. 10ನೇ ನಂಬರಿನ ಕಪ್ಪು ಗಾಜಿನ ಮೂಲಕ ಕಣ್ಣು ಪಳಗಿದ ಮೇಲೆ ಎರಡೂ ಬೇರೆಬೇರೆ ಕಾಣುತ್ತವೆ: ನುಣ್ಣಗೆ ಹೊಳೆಯುವ ಲೋಹ, ಅದರ ಬೆನ್ನಿಗೆ ಕೆನೆಯಂತೆ ಕದಲುವ ಸ್ಲ್ಯಾಗ್ ಎಂಬ ಕಿಟ್ಟ. ಆ ಕೆನೆ ಕಡ್ಡಿಗಿಂತ ಮುಂದೆ ಓಡಿತೋ, ಬೆಸುಗೆಯೊಳಗೆ ಸಿಕ್ಕಿಕೊಂಡು ಉಳಿಯುತ್ತದೆ. ಕೊಳ ಬೆಸೆಯುವ ಎರಡೂ ತುಂಡುಗಳ ಅಂಚನ್ನು ಮುಟ್ಟುವವರೆಗೆ ಕೈ ಮುಂದೆ ಸರಿಯಬಾರದು.

2.5 ಮಿ.ಮೀ. ಕಡ್ಡಿಗೆ ನಾನು 80 ಆಂಪ್ ಆಸುಪಾಸಿನಲ್ಲಿ ಶುರು ಮಾಡುತ್ತೇನೆ, 3.15ಕ್ಕೆ 110. ಕಡ್ಡಿಗೂ ಪಟ್ಟಿಗೂ ನಡುವಿನ ಅಂತರ ಕಡ್ಡಿಯ ದಪ್ಪದಷ್ಟೇ ಇರಲಿ. ಕಡ್ಡಿ ಉರಿಯುತ್ತ ಗಿಡ್ಡವಾಗುವುದರಿಂದ ಕೈ ಮುಂದೆ ಹೋಗುತ್ತಲೇ ಕೆಳಗೂ ಇಳಿಯುತ್ತಿರಬೇಕು. ಹೊಸಬರು ಸೋಲುವುದು ಇಲ್ಲೇ. ಅಂತರ ಹೆಚ್ಚಿದರೆ ಸದ್ದೇ ಹೇಳುತ್ತದೆ: ಒಂದೇ ಸಮನೆ ಚರಗುಟ್ಟುತ್ತಿದ್ದದ್ದು ಹರಕು ಹರಕಾಗಿ ಕಿಡಿ ಸಿಡಿಸುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಕಡ್ಡಿಯೂ ಹೀಗೇ ಕಾಡುತ್ತದೆ, ಡಬ್ಬಿಯಲ್ಲಿ ಮುಚ್ಚಿಡಿ.

ಗಾಜಿಲ್ಲದೆ ಒಂದು ಕ್ಷಣವೂ ನೋಡಬೇಡಿ. ಆಗ ಏನೂ ಅನ್ನಿಸುವುದಿಲ್ಲ, ರಾತ್ರಿ ಕಣ್ಣಿಗೆ ಮರಳು ಹೊಯ್ದಂತೆ ಉರಿಯುತ್ತದೆ. ಜಿಐ ಪೈಪಿನ ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ; ಕಲಿಯುವಾಗ ಆ ಪೈಪೇ ಬೇಡ.

ಪ್ಯಾಕೆಟ್ ಮುಗಿಯಿತೇ? ಎರಡು ತುಂಡನ್ನು ಟಿ ಆಕಾರದಲ್ಲಿ ನಿಲ್ಲಿಸಿ, ಒಂದೇ ಬದಿಗೆ ಬೆಸೆದು, ತಣ್ಣಗಾದ ಮೇಲೆ ವೈಸಿಗೆ ಕಚ್ಚಿಸಿ. ನಿಂತ ತುಂಡು ಬೆಸುಗೆಯ ಕಡೆಗೇ ಮಲಗುವಂತೆ ಹಿಂಬದಿಯಿಂದ ಸುತ್ತಿಗೆಯಲ್ಲಿ ಬಡಿಯಿರಿ. ಬಾಗಿಯೂ ಬಿಡದಿದ್ದರೆ ಗೇಟಿನ ಅಳತೆ ತೆಗೆದುಕೊಳ್ಳಿ. ಬಿಟ್ಟರೆ ಬುಡ ನೋಡಿ, ಚೂಪು ಅಂಚು ಉಳಿದಿದೆಯೇ ಎಂದು. ಉಳಿದಿದ್ದರೆ ಐದು ಆಂಪ್ ಏರಿಸಿ, ಮತ್ತೊಂದು ತುಂಡು ಎತ್ತಿಕೊಳ್ಳಿ.