ಜಗುಲಿಯಿಂದ ಒಳಗಿನ ಮಲೆನಾಡು

ಹಾನಗಲ್ಲಿನಿಂದ ಶಿರಸಿಯ ಕಡೆಗೋ, ಶಿಗ್ಗಾಂವಿಯಿಂದ ಮುಂಡಗೋಡದ ಕಡೆಗೋ ಹೊರಟರೆ ಹತ್ತಿ, ಗೋವಿನಜೋಳದ ಹೊಲಗಳು ಹಿಂದೆ ಬಿದ್ದು ಭತ್ತದ ಗದ್ದೆ ಬರುತ್ತದೆ, ಆಮೇಲೆ ಅಡಿಕೆ ತೋಟ, ಕಾಡು. ಆ ಮುಂದಿನ ಸೀಮೆಯನ್ನು ಕಾಲಿಟ್ಟು ನೋಡದ ಬಯಲಿನವರಿಗೂ ಕನ್ನಡ ಕಾದಂಬರಿ ಪರಿಚಯ ಮಾಡಿಕೊಟ್ಟಿದೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936), 'ಮಲೆಗಳಲ್ಲಿ ಮದುಮಗಳು' (1967), ಶಿವರಾಮ ಕಾರಂತರ 'ಬೆಟ್ಟದ ಜೀವ' (1943), ತೇಜಸ್ವಿಯವರ 'ಕರ್ವಾಲೊ' (1980) ಎಂದು ಪಟ್ಟಿ ತಾನಾಗಿ ನಾಲಿಗೆಗೆ ಬರುತ್ತದೆ. ಅದೇ ಗುಡ್ಡಗಳ ನಡುವಿನಿಂದ ಬರೆದ ಹೆಂಗಸರ ಹೆಸರು ಈ ಪಟ್ಟಿಗೆ ಸೇರುವುದಿಲ್ಲ. ಕೊಡಗಿನ ಗೌರಮ್ಮ, ಎಂ.ಕೆ. ಇಂದಿರಾ ಇವರಿಗೆಲ್ಲ ವಿಮರ್ಶೆ 'ಸ್ತ್ರೀ ಸಮಸ್ಯೆ', 'ಕೌಟುಂಬಿಕ ಕಾದಂಬರಿ' ಎಂಬ ಬೇರೆಯೇ ಕಪಾಟು ಮಾಡಿಟ್ಟಿದೆ. ಅವರಲ್ಲಿ ಮನೆ ಇದೆ, ಮಲೆ ಇಲ್ಲ ಎಂಬುದು ಇದರ ಹಿಂದಿನ ತಿಳಿವಳಿಕೆ. ನನಗೆ ಇದು ತಪ್ಪೆನಿಸುತ್ತದೆ. ಮಲೆ ಅವರಲ್ಲಿ ನೋಟವಾಗಿ ಬರುವುದಿಲ್ಲ, ಕೆಲಸವಾಗಿ ಮತ್ತು ದೂರವಾಗಿ ಬರುತ್ತದೆ.

ಇಂದಿರಾ ಅವರನ್ನೇ ತೆಗೆದುಕೊಳ್ಳಿ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಮೊದಲ ಕಾದಂಬರಿ 'ತುಂಗಭದ್ರಾ' 1963ರಲ್ಲಿ ಬಂದಾಗ ನಲವತ್ತೈದು ದಾಟಿತ್ತು. ಅರ್ಧ ಆಯುಸ್ಸು ಮನೆವಾರ್ತೆಯಲ್ಲಿ ಕಳೆದ ಮೇಲೆ ಹಿಡಿದ ಲೇಖನಿ ಅದು. 1976ರ 'ಫಣಿಯಮ್ಮ'ದಲ್ಲಿ ಮಳೆ, ಕಾಡು, ಹೊಳೆಗಳನ್ನು ಪುಟಗಟ್ಟಲೆ ಬಣ್ಣಿಸುವ ಹುಮ್ಮಸ್ಸು ಎಲ್ಲಿಯೂ ಇಲ್ಲ. ಆದರೆ ಆ ಕಾದಂಬರಿಯ ಮನೆ ಬೇರೆ ಎಲ್ಲಿಯೂ ನಿಲ್ಲಲಾರದು. ಊರಿಂದ ಊರಿಗೆ ನಡುವೆ ಕಾಡು, ಮಳೆಗಾಲದಲ್ಲಿ ಕಟ್ಟಿಹೋಗುವ ದಾರಿ, ಕರೆದರೂ ಬರಲು ವೈದ್ಯರಿಲ್ಲದ ಹೆರಿಗೆ: ಇಂಥಲ್ಲಿ ಒಂದು ಕುಟುಂಬ ತನಗೆ ಬೇಕಾದ ಅಡುಗೆಯವಳನ್ನೂ ಸೂಲಗಿತ್ತಿಯನ್ನೂ ಆಳನ್ನೂ ತನ್ನೊಳಗಿಂದಲೇ ಹುಟ್ಟಿಸಿಕೊಳ್ಳಬೇಕು. ಬಾಲ್ಯದಲ್ಲೇ ಮದುವೆ, ಮದುವೆಯ ಬೆನ್ನಿಗೇ ವೈಧವ್ಯ, ಮೈನೆರೆದ ಮೇಲೆ ಕೇಶಮುಂಡನ ಅನುಭವಿಸಿದ ಫಣಿಯಮ್ಮ ಆ ಕೊರತೆಯನ್ನು ಪುಕ್ಕಟೆಯಾಗಿ ತುಂಬುತ್ತಾಳೆ. ಮಡಿ ಹೆಂಗಸಿನ ದುಡಿಮೆ ಶಾಸ್ತ್ರದಿಂದ ಮಾತ್ರ ಬಂದದ್ದಲ್ಲ, ಒಂಟಿಮನೆಗಳ ಸೀಮೆಯ ಅಗತ್ಯದಿಂದಲೂ ಬಂದದ್ದು ಎಂಬುದನ್ನು ಈ ಕಾದಂಬರಿ ಎಲ್ಲಿಯೂ ಹೇಳದೆ ತೋರಿಸಿಕೊಡುತ್ತದೆ. ಲೇಖಕಿಯ ಬಂಧುವರ್ಗದಲ್ಲೇ ಬದುಕಿದ್ದ ಒಬ್ಬ ಮುದುಕಿಯ ಬಾಳು ಇದಕ್ಕೆ ಆಧಾರ. ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ ಮುದಿ ಫಣಿಯಮ್ಮ ಅವಳ ಪರ ವಹಿಸುವುದನ್ನು ಸುಧಾರಣೆಯ ಸಂದೇಶವೆಂದು ಓದುವವರಿದ್ದಾರೆ. ನನಗದು ಒಂದು ಲೆಕ್ಕ ಚುಕ್ತಾ ಆದಂತೆ ಕಾಣುತ್ತದೆ: ಆ ಮನೆಗೆ ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂದು ಗೊತ್ತಿದ್ದವಳು ಅವಳೊಬ್ಬಳೇ.

ಈ ವಾದ ಇಂದಿರಾಗೆ ಒಪ್ಪಬಹುದು, ಗೌರಮ್ಮನಿಗೆ ಒಪ್ಪುವುದಿಲ್ಲ ಎನ್ನಬಹುದು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಕಾಫಿ ತೋಟದ ಮ್ಯಾನೇಜರನ ಹೆಂಡತಿಯಾಗಿ ಬಾಳಿ, 1939ರಲ್ಲಿ ಈಜಲು ಹೋಗಿ ಇಪ್ಪತ್ತೇಳಕ್ಕೆ ತೀರಿಹೋದ ಆಕೆಯ ಕಥೆಗಳಲ್ಲಿ ಕೊಡಗು ಎಲ್ಲಿದೆ? ಕಾಫಿ ಹೂವಿನ ಘಮವಿಲ್ಲ, ಹುತ್ತರಿ ಹಬ್ಬವಿಲ್ಲ. ಪಾತ್ರಗಳನ್ನು ಮೈಸೂರಿಗೆ ಒಯ್ದರೂ ನಡೆದೀತು. ಆಕ್ಷೇಪ ಅರ್ಧ ನಿಜ. ಗೌರಮ್ಮನಿಗೆ ನಾಡಿನ ಚಿತ್ರ ಬರೆಯುವ ಉದ್ದೇಶವೇ ಇರಲಿಲ್ಲ, ಆಕೆಯ ಸಿಟ್ಟು ವಿಧವೆಯರ, ವಂಚಿತೆಯರ ಪಾಡಿನ ಮೇಲಿತ್ತು. ಆದರೂ ಆ ಕಥೆಗಳ ಕಟ್ಟಡ ನೋಡಿ. ಎಷ್ಟೋ ಕಡೆ ಕಥೆ ನಡೆಯುವುದು ಪತ್ರಗಳಲ್ಲಿ; ನೆರೆಯವಳೊಬ್ಬಳು, ಗೆಳತಿಯೊಬ್ಬಳು ಸಿಕ್ಕಿದ್ದೇ ದೊಡ್ಡ ಸಂಗತಿ; ಮಾತಾಡಲು ಯಾರೂ ಇಲ್ಲದ ಮಧ್ಯಾಹ್ನಗಳು. ತೋಟದ ನಡುವಿನ ಬಂಗಲೆಯಲ್ಲಿ ಕೂತವಳಿಗೆ ನಾಡು ತಿಳಿಯುವುದು ಹೀಗೆಯೇ. 1934ರಲ್ಲಿ ಗಾಂಧಿ ಕೊಡಗಿಗೆ ಬಂದಾಗ ತನ್ನ ಮನೆಗೂ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಒಡವೆ ಕೊಟ್ಟವಳು ಆಕೆ. ಲೋಕ ತಾನಿದ್ದಲ್ಲಿಗೆ ಬರಲಿ ಎಂಬ ಆ ಹಟವೂ ಅದೇ ಒಂಟಿತನದ ಇನ್ನೊಂದು ಮುಖವೆಂದರೆ ಅತಿಯಾಗದು. (ಧಾರವಾಡದ ಬೇಂದ್ರೆ 'ತಂಗಿ ಗೌರಮ್ಮ' ಎಂದು ಹಾಡಿದ್ದು ನಮಗೆ ನೆನಪಿದೆ, ಕಥೆಗಳು ಅಷ್ಟು ನೆನಪಿಲ್ಲ. ಈಗ ದೀಪಾ ಭಾಸ್ತಿ ಅವನ್ನು ಇಂಗ್ಲಿಷಿಗೆ ತಂದ ಮೇಲೆ, ಬಾನು ಮುಷ್ತಾಕರ ಕಥೆಗಳ ಅನುವಾದಕ್ಕೆ ಅವರೊಂದಿಗೆ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲೆ, 'ಕಂಬನಿ', 'ಚಿಗುರು' ಸಂಕಲನಗಳನ್ನು ಕನ್ನಡದವರೂ ಹುಡುಕಿಯಾರು.)

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜಾತಿಯದು. ಇದು ಯಾರ ಮನೆಯ ಒಳಗು? ಬಹುಪಾಲು ಬ್ರಾಹ್ಮಣರ, ಭೂಮಿಯುಳ್ಳವರ ಮನೆಯದು. ತೋಟದಲ್ಲಿ ಗೊನೆ ಹೊರುವ, ಸೊಪ್ಪು ತರುವ, ಗದ್ದೆಯಲ್ಲಿ ಸಸಿ ನೆಡುವ ಹೆಣ್ಣು ಇಲ್ಲಿ ಹಿತ್ತಲ ಬಾಗಿಲಲ್ಲಿ ಬಂದು ನಿಂತು ಹೋಗುತ್ತಾಳೆ. 'ಫಣಿಯಮ್ಮ'ದ ಬಲು ಧೈರ್ಯದ ಭಾಗವೇ ಇದಕ್ಕೆ ಸಾಕ್ಷಿ: ಹೆರಿಗೆ ಕಷ್ಟವಾದ ಹೊಲೆಯರ ಹೆಣ್ಣಿನ ಗುಡಿಸಲಿಗೆ ಮಡಿ ಮುದುಕಿ ಗುಟ್ಟಾಗಿ ಹೋಗಿ ಮಗುವನ್ನು ಹೊರತೆಗೆಯುತ್ತಾಳೆ. ಮಡಿಯ ಕೈ ಮುಟ್ಟಬಾರದ್ದನ್ನು ಮುಟ್ಟುತ್ತದೆ, ನಮ್ಮ ಕಾದಂಬರಿಗಳಲ್ಲಿ ಇದಕ್ಕೆ ಸಮನಾದ ಪ್ರಸಂಗ ಹೆಚ್ಚಿಲ್ಲ. ಆದರೆ ಕಥನ ಆ ಗುಡಿಸಲಲ್ಲಿ ಉಳಿಯುವುದಿಲ್ಲ, ಫಣಿಯಮ್ಮನ ಜೊತೆಗೇ ಮನೆಗೆ ಮರಳುತ್ತದೆ. ಹೆತ್ತವಳಿಗೆ ಈ ಮಲೆನಾಡು ಹೇಗೆ ಕಂಡಿತು ಎಂದು ಕೇಳುವವರಿಲ್ಲ. 'ಮಲೆಗಳಲ್ಲಿ ಮದುಮಗಳು' ಗುತ್ತಿ, ತಿಮ್ಮಿ ಎಂಬ ಹೊಲೆಯರ ಜೋಡಿಯ ಬೆನ್ನು ಹತ್ತಿ ಕಾಡೆಲ್ಲ ಅಲೆದಂತೆ ಹೆಂಗಸರ ಯಾವ ಕಥನವೂ ಅಲೆದಿಲ್ಲ. ಕುವೆಂಪು ಅವರ ಪ್ರತಿಭೆಯ ಪ್ರಶ್ನೆ ಬೇರೆ. ಊರೂರು, ಕೇರಿ ಕೇರಿ ತಿರುಗುವ ಸ್ವಾತಂತ್ರ್ಯ ಆ ಸೀಮೆಯ ಗಂಡಸಿಗಿತ್ತು, ಹೆಂಗಸಿಗಿರಲಿಲ್ಲ. ಹಾಗಾಗಿ ಈ ಪರಂಪರೆಯ ಗುಣ, ಮಿತಿ ಎರಡೂ ಒಂದೇ ಬೇರಿನವು. ಜಗುಲಿ ದಾಟಲಾರದ ಕಣ್ಣು ಒಳಗಿನ ದುಡಿಮೆಯನ್ನು ಯಾರೂ ಕಾಣದಷ್ಟು ಕಂಡಿತು, ಹೊರಗಿನ ದುಡಿಮೆಯನ್ನು ಕಾಣಲಿಲ್ಲ. ಮೊದಲನೆಯದಕ್ಕೆ ಮಾತ್ರ ಮೆಚ್ಚುಗೆ ಕೊಟ್ಟು ಎರಡನೆಯದಕ್ಕೆ ಕಣ್ಣು ಮುಚ್ಚುವ ಸ್ತ್ರೀವಾದಿ ಓದು ಅರೆಬರೆಯಾದದ್ದು.

ಇಂದಿರಾ ಜನಪ್ರಿಯ ಲೇಖಕಿ, ಸಿನಿಮಾದವರ ಲೇಖಕಿ ಎಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. 'ಗೆಜ್ಜೆಪೂಜೆ'ಯನ್ನು ಪುಟ್ಟಣ್ಣ ಕಣಗಾಲ್ ಚಿತ್ರ ಮಾಡಿದರು, 'ಫಣಿಯಮ್ಮ'ನನ್ನು ಪ್ರೇಮಾ ಕಾರಂತರು 1983ರಲ್ಲಿ ತೆರೆಗೆ ತಂದರು. ಓದಿಸಿಕೊಳ್ಳುವುದು ದೋಷವಾದರೆ ನಮ್ಮ ಹಾವೇರಿ ಜಿಲ್ಲೆಯ ಕಾದಂಬರಿಕಾರ ಗಳಗನಾಥರಿಗೂ ಅದೇ ದೋಷ ಹೊರಿಸಬೇಕಾದೀತು.

ಹಾಗಾದರೆ ಇದೇ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಹಿರೇಕೆರೂರಿನ ಅರೆಮಲೆನಾಡಿಗೆ ಇಂದಿರಾ ಅವರಷ್ಟೇ ಹೆಸರಾದ ಲೇಖಕಿಯೊಬ್ಬರು ಏಕೆ ಬರಲಿಲ್ಲ? ಹೆಣ್ಣಿನ ಕಥನಕ್ಕೆ ಇಲ್ಲಿ ಬರವಿರಲಿಲ್ಲ. ಬೀಸುವಾಗ, ಕುಟ್ಟುವಾಗ, ಕಳೆ ತೆಗೆಯುವಾಗ ಹಾಡಿದ್ದು, ಹೇಳಿದ್ದು ರಾಶಿ ಬಿದ್ದಿದೆ. ಜಾನಪದ ವಿಶ್ವವಿದ್ಯಾಲಯ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲೇ ಇದೆ. ಬರವಿದ್ದದ್ದು ಓದುಬರಹ ಕಲಿತ, ಮಧ್ಯಾಹ್ನ ಒಂದು ಗಳಿಗೆ ಬಿಡುವುಳ್ಳ ಹೆಂಗಸರಿಗೆ. ಮಲೆನಾಡಿನ ತೋಟದ ಮನೆ ಎಷ್ಟೇ ಹಿಂಡಿದರೂ ಒಂದಿಬ್ಬರು ಹೆಣ್ಣುಮಕ್ಕಳಿಗೆ ಆ ಬಿಡುವನ್ನು ಕೊಟ್ಟಿತು, ಹೊಲದ ಕೂಲಿ ಕೊಡಲಿಲ್ಲ. ಈಗ ಇಲ್ಲಿಯ ಕೂಲಿಕಾರರ ಮನೆಯ ಹುಡುಗಿಯರೂ ಕಾಲೇಜು ಮುಗಿಸುತ್ತಿದ್ದಾರೆ. ಅವರು ಬರೆದಾಗ ಮಲೆನಾಡಿನ ಅಕ್ಕಂದಿರ ಧಾಟಿ ಅವರಿಗೆ ಉಪಯೋಗಕ್ಕೆ ಬರಲಿಕ್ಕಿಲ್ಲ. ಭತ್ತದ ಸಸಿ ನೆಡುವ, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣಿನ ಕಥೆ ಜಗುಲಿಯಿಂದ ಒಳಗೆ ನಡೆಯುವುದಿಲ್ಲ. ಅದು ನಸುಕಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಹತ್ತಿ ಇನ್ನೊಬ್ಬರ ಹೊಲಕ್ಕೆ ಹೋಗುತ್ತದೆ. 'ಫಣಿಯಮ್ಮ' ಗುಡಿಸಲಲ್ಲಿ ಬಿಟ್ಟುಬಂದ ಹೆಣ್ಣಿನ ಮಾತು ಕನ್ನಡ ಕಾದಂಬರಿಗೆ ಬರುವುದಾದರೆ ತೋಟದ ಮನೆಗಳಿಗಿಂತ ಈ ಅಂಚಿನಿಂದ ಬರುವ ಸಂಭವವೇ ಹೆಚ್ಚು.