ಬಯಲಿಗೆ ಬೀಜದುಂಡೆ

ಬಯಲುಸೀಮೆಯಲ್ಲಿ ಸ್ವಯಂಸೇವಕರ ಪರಿಸರ ಕಾರ್ಯವೆಂದರೆ ಇಂದು ಮೊದಲು ನೆನಪಾಗುವುದು ಬೀಜದುಂಡೆ. ಕೆಮ್ಮಣ್ಣು, ಸಗಣಿಗಳನ್ನು ಕಲಸಿ, ನಡುವೆ ಹುಣಸೆ, ಹೊಂಗೆ, ಬೇವಿನ ಬೀಜವನ್ನಿಟ್ಟು ಉಂಡೆ ಕಟ್ಟಿ, ನೆರಳಲ್ಲಿ ಒಣಗಿಸಿ, ಮುಂಗಾರಿನ ಹೊತ್ತಿಗೆ ಗುಡ್ಡ-ಬಯಲುಗಳಿಗೆ ಎಸೆಯುವ ಈ ಪದ್ಧತಿಗೆ ದೊರೆತಿರುವ ಕೀರ್ತಿ ಅದರ ಯೋಗ್ಯತೆಯನ್ನು ಬಹಳವಾಗಿ ಮೀರಿದ್ದು.

ಇದನ್ನು ಪ್ರಶ್ನಿಸಿದವರು ಇಲ್ಲವೆಂದಲ್ಲ. ಆದರೆ ಅವರ ಆಕ್ಷೇಪವೆಲ್ಲ ಎಸೆದವುಗಳಲ್ಲಿ ಎಷ್ಟು ಮೊಳೆತವು, ಮೊಳೆತವುಗಳಲ್ಲಿ ಎಷ್ಟು ಬೇಸಿಗೆ ದಾಟಿದವು ಎಂಬ ಲೆಕ್ಕದಲ್ಲೇ ಮುಗಿಯುತ್ತದೆ. ಟೀಕೆಯಂತೆ ಕಾಣುವ ಈ ಲೆಕ್ಕ ವಾಸ್ತವವಾಗಿ ಒಪ್ಪಿಗೆಯೇ ಆಗಿದ್ದು, ಮರವಿಲ್ಲದ ನೆಲವೆಲ್ಲ ಹಾಳುನೆಲ ಎಂಬ ಮೂಲ ಗ್ರಹಿಕೆಯನ್ನು ಅದು ಮುಟ್ಟುವುದೇ ಇಲ್ಲ. ಬೇಸಾಯಕ್ಕೆ ಒದಗದ ನೆಲವನ್ನು ಕಂದಾಯ ದಾಖಲೆ 'ಖರಾಬು' ಎಂದು ಕರೆದಾಗಲೇ ಆದ ತಪ್ಪನ್ನು ಪದ್ಧತಿಯ ಭಕ್ತರೂ ಟೀಕಾಕಾರರೂ ಒಟ್ಟಾಗಿ ಮುಂದುವರಿಸಿದ್ದಾರೆ. ಎಲ್ಲ ಉಂಡೆಗಳೂ ಮೊಳೆತು ಮರವಾದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಬಯಲಿನ ಗತಿ ಏನು ಎಂಬ ಪ್ರಶ್ನೆಯನ್ನು ಅವರಲ್ಲಿ ಯಾರೂ ಎತ್ತಲಿಲ್ಲ.

ಉಂಡೆಯನ್ನೇ ಇನ್ನಷ್ಟು ಹತ್ತಿರದಿಂದ ನೋಡಬೇಕು. ಜಪಾನಿನ ಮಸನೊಬು ಫುಕುವೋಕ (1913–2008) ಕಾಳುಗಳನ್ನು ಜೇಡಿಮಣ್ಣಿನಲ್ಲಿ ಹುದುಗಿಸಿದ್ದು ಉಳುಮೆಯಿಲ್ಲದ ಗದ್ದೆಯಲ್ಲಿ ಹಕ್ಕಿ, ಇಲಿಗಳ ಬಾಯಿಂದ ಬಿತ್ತನೆಯನ್ನು ಕಾಪಾಡಲು. ಅಲ್ಲಿ ಎಲ್ಲಿ ಏನು ಬೆಳೆಯಬೇಕೆಂಬುದು ಬಿತ್ತುವವನಿಗೆ ಗೊತ್ತಿತ್ತು; ಇಲ್ಲಿ ಉಂಡೆ ಉಳಿಯಿತು, ಆ ತಿಳಿವು ಕಳೆಯಿತು. ಅಷ್ಟಕ್ಕೂ ಈ ಜಿಲ್ಲೆಯಲ್ಲಿ ಬೀಜದುಂಡೆ ಹೊಸದಲ್ಲ. ಹೊರದೇಶದಿಂದ ಬಂದು, ಬರಡು ನೆಲಕ್ಕೆ ಹಸಿರು, ಬಡವರ ಒಲೆಗೆ ಸೌದೆ ಎಂದು ಹಬ್ಬಿದ ಮುಳ್ಳುಗಿಡ 'ಬಳ್ಳಾರಿ ಜಾಲಿ' ಎಂದು ಈ ಊರಿನ ಹೆಸರನ್ನೇ ಹೊತ್ತಿದೆ. ಅದರ ಸಿಹಿ ಕಾಯನ್ನು ಮೇಕೆ ಮೇಯುತ್ತದೆ. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಹದಗೊಂಡು, ಹಿಕ್ಕೆಯ ಗೊಬ್ಬರದೊಡನೆ ಹೊಲದ ಬದುವಿಗೋ ಹಳ್ಳದ ದಂಡೆಗೋ ಬಿದ್ದು, ಮೊದಲ ಮಳೆಗೇ ಬೇರು ಬಿಡುತ್ತದೆ. ಬಳ್ಳಾರಿಯಲ್ಲಿ ಪೂರ್ಣವಾಗಿ ಗೆದ್ದ ಬೀಜದುಂಡೆ ಇದೊಂದೇ, ಮತ್ತು ಅದರ ಗೆಲುವು ಹುಲ್ಲಿನ ಸೋಲಾಯಿತು.

ಇನ್ನು ಸಿರುಗುಪ್ಪದ ಎರೆ ಬಯಲಿನ ಮಾತು. ಎರೆಯೆಂದರೆ ಕಪ್ಪು ಜಿಗುಟು ಮಣ್ಣು. ತುಂಗಭದ್ರಾ ಕಾಲುವೆ ಬಂದು ಸಿರುಗುಪ್ಪ ಭತ್ತದ ನಾಡಾದ ಮೇಲೂ ಮಳೆಯನ್ನೇ ನಂಬಿ ಉಳಿದಿರುವ ಎರೆ ಹೊಲ, ಬೀಳುಗಳಲ್ಲಿ ದೊರವಾಯನ ಹಕ್ಕಿ ಕಾಣಿಸಿಕೊಂಡಿದೆ; ಎರೆಭೂತವೆಂಬ ಅದರ ಇನ್ನೊಂದು ಹೆಸರಿನಲ್ಲಿಯೇ ಈ ಮಣ್ಣಿದೆ. ಸುಮಾರು ಒಂದು ಮೀಟರ್ ಎತ್ತರದ, 15 ಕಿಲೋವರೆಗೆ ತೂಗುವ ಗಂಡುಹಕ್ಕಿ ಮಳೆಗಾಲದಲ್ಲಿ ಕೊರಳ ಚೀಲವನ್ನುಬ್ಬಿಸಿ, ಬಾಲವನ್ನು ಬೆನ್ನಿಗೆ ಮಡಚಿ ಬಯಲಲ್ಲಿ ನಿಲ್ಲುತ್ತದೆ. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ದೂರದ ನರಿ, ನಾಯಿ ತಾಯಿಹಕ್ಕಿಯ ಕಣ್ಣಿಗೆ ಬಿದ್ದರಷ್ಟೇ ಆ ಮೊಟ್ಟೆಗೆ ಉಳಿಗಾಲ. ನಡುವೆ ನೆಟ್ಟ ಬೇವು ಕಾಗೆಗೆ ಕಾವಲುಗೋಪುರವಾಗುತ್ತದೆ, ಜಾಲಿಯ ಪೊದೆ ನಾಯಿಗೆ ಮರೆಯಾಗುತ್ತದೆ. 1974ರಲ್ಲಿ ಘೋಷಿತವಾದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಯಲನ್ನು ನೀಲಗಿರಿ ತೋಪು ಆವರಿಸಿತು, ಅಲ್ಲಿದ್ದ ಎರೆಭೂತ ಇಲ್ಲವಾಯಿತು. ಇಷ್ಟು ಹತ್ತಿರದ ಪಾಠವೂ ಸಾಲದೇ?

ಬೀಜದುಂಡೆಯಲ್ಲಿ ಗುಣವಿಲ್ಲವೆಂದಲ್ಲ; ಮಕ್ಕಳ ಕೈಗೆ ಮಣ್ಣು ಹತ್ತಿಸುವುದು ಸಣ್ಣ ಮಾತಲ್ಲ. ಆದರೆ ಸಮದ್ ಕೊಟ್ಟೂರು, ಸಂತೋಷ್ ಮಾರ್ಟಿನ್ ಅವರಂಥವರು ಈ ಸೀಮೆಯಲ್ಲಿ ನಡೆಸಿಕೊಂಡು ಬಂದ ವನ್ಯಜೀವಿ ವೀಕ್ಷಣೆ, ದಾಖಲೆಯ ಕೆಲಸಕ್ಕೆ ಅದರ ಅರ್ಧದಷ್ಟು ಗಮನವೂ ದೊರೆತಿಲ್ಲ. ಬಯಲಿನ ಸೇವೆಗೆ ಒಂದು ದಿನದ ಜಾತ್ರೆ ಸಾಲದು: ಮಳೆಗಾಲದಲ್ಲಿ ಗೂಡಿನ ಹತ್ತಿರ ಜನ, ನಾಯಿ ಸುಳಿಯದಂತೆ ಕಾಯಬೇಕು, ಹಿಂಗಾರಿಯಲ್ಲಿ ಜೋಳ, ಕಡಲೆಯ ರೈತನೊಡನೆ ಮಾತಾಡಬೇಕು, ಮಾಗಿ ಕಳೆದ ಮೇಲೆ ಒಣಹುಲ್ಲಿಗೆ ಬೀಳುವ ಬೆಂಕಿಯನ್ನು ತಡೆಯಬೇಕು, ವರ್ಷವಿಡೀ ಎಳೆ ಜಾಲಿಯನ್ನು ಬೇರುಸಹಿತ ಕೀಳಬೇಕು.

ಬರುವ ಮುಂಗಾರಿಗೆ ಬಳ್ಳಾರಿಯ ಕೌಲ್ ಬಜಾರಿನ ಯುವಕರು ಬೀಜದುಂಡೆ ಕಟ್ಟುವುದಾದರೆ ಆ ಬುಟ್ಟಿಯನ್ನು ಗಣಿಯಿಂದ ಬೋಳಾದ ಸಂಡೂರಿನ ಇಳಿಜಾರುಗಳಿಗೆ ಒಯ್ಯಲಿ. ಸಿರುಗುಪ್ಪದ ಬಯಲಿಗೆ ಹೋಗುವಾಗ ಜಾಲಿ ಕೀಳುವ ಗುದ್ದಲಿಯೂ ಒಂದು ದುರ್ಬೀನೂ ಇದ್ದರೆ ಸಾಕು.